ಗೂಡು ಮರದಲ್ಲಿ, ಊಟ ಕೆರೆಯಲ್ಲಿ

ಜನವರಿಯಿಂದ ಏಪ್ರಿಲ್‌ವರೆಗೆ ನಮ್ಮ ಮಂಡ್ಯ, ಮೈಸೂರಿನವರ ಫೇಸ್‌ಬುಕ್ ತುಂಬ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಚಿತ್ರಗಳೇ. ಎಲ್ಲದರಲ್ಲೂ ಒಂದು ಹುಣಸೆ ಮರ, ಅದರ ನೆತ್ತಿಯ ಮೇಲೆ ಗೂಡು, ಗೂಡಿನಲ್ಲಿ ಬಣ್ಣದ ಕೊಕ್ಕರೆ ಇಲ್ಲವೇ ಹೆಜ್ಜಾರ್ಲೆ, ಅಂದರೆ ಪೆಲಿಕನ್. ಆ ಹಕ್ಕಿಗಳು ಮೀನು ಹಿಡಿಯುವ ಕೆರೆಯ ಚಿತ್ರ ಹಾಕಿದವರನ್ನು ಮಾತ್ರ ನಾನು ಕಂಡಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ.

ಮರದ ಮಟ್ಟಿಗೆ ಬೆಳ್ಳೂರಿನವರು ಮಾಡಿರುವುದು ಸಣ್ಣ ಕೆಲಸವಲ್ಲ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಗುವುದಕ್ಕೆ ಎಷ್ಟೋ ಮೊದಲಿನಿಂದ ಅವರು ತಮ್ಮ ಹಿತ್ತಿಲಿನ ಮರಗಳನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟಿದ್ದಾರೆ. ಹುಣಸೆ ಬಡಿಯುವ ಕಾಲವೂ ಗೂಡಿನಲ್ಲಿ ಮರಿಗಳಿರುವ ಕಾಲವೂ ಒಂದೇ ಆಗಿರುವುದರಿಂದ ಬಿಟ್ಟುಕೊಡುವುದೆಂದರೆ ಆ ವರ್ಷದ ಫಸಲನ್ನು ಬಿಟ್ಟಂತೆಯೇ ಸರಿ. ಅರಣ್ಯ ಇಲಾಖೆ ಇಂಥ ಮರಗಳ ಮಾಲೀಕರಿಗೆ ಪರಿಹಾರ ಕೊಡುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸವನ್ನು ಊರಿನವರ ‘ಹೆಜ್ಜಾರ್ಲೆ ಬಳಗ’ ಎಂಬ ಗುಂಪು ಮಾಡುತ್ತ ಬಂದಿದೆ. ಹಿಕ್ಕೆ ಗೊಬ್ಬರವಾಗುತ್ತದೆ ಎಂಬುದು ನಿಜ, ಆದರೆ ಬಿಸಿಲೇರಿದ ಮೇಲೆ ಮನೆಯೊಳಗೂ ನುಗ್ಗುವ ಆ ವಾಸನೆಯನ್ನು ಸಹಿಸಿಕೊಳ್ಳುವವರು ಊರಿನವರೇ ಹೊರತು ಕ್ಯಾಮೆರಾ ಹಿಡಿದು ಹೋದ ನಾವಲ್ಲ.

ಸ್ವಲ್ಪ ಹೊತ್ತು ಮರದ ಕೆಳಗೆ ನಿಂತರೆ ಊಟದ ಲೆಕ್ಕ ತಾನಾಗಿ ಕಣ್ಣಿಗೆ ಬೀಳುತ್ತದೆ. ದೊಡ್ಡ ಕೊಕ್ಕರೆಗಳಿಗೆ ದನಿಯೇ ಇಲ್ಲವೆನ್ನಬಹುದು, ಕೊಕ್ಕು ಕಟಕಟಿಸುವುದಷ್ಟೇ, ಗದ್ದಲವೆಲ್ಲ ಮರಿಗಳದ್ದು. ತಾಯಿಯೋ ತಂದೆಯೋ ಬಂದು ಕುತ್ತಿಗೆ ಬಗ್ಗಿಸಿ ಗೂಡಿನ ಹಾಸಿನ ಮೇಲೆ ಮೀನು ಕಕ್ಕುತ್ತದೆ, ಮರಿಗಳು ಒಂದರ ಮೇಲೊಂದು ಬಿದ್ದು ಹೆಕ್ಕುತ್ತವೆ. ಮಧ್ಯಾಹ್ನದ ಬಿಸಿಲಿಗೆ ರೆಕ್ಕೆ ಬಿಚ್ಚಿ ನೆರಳು ಮಾಡಿ ನಿಲ್ಲುವ ಹಕ್ಕಿ ಗೂಡು ಬಿಟ್ಟು ಕದಲುವಂತಿಲ್ಲ. ಅದರ ಜೊತೆಗಾರ ಆ ಹೊತ್ತಿನಲ್ಲಿ ಶಿಂಷಾ ಹೊಳೆಯಲ್ಲೋ, ಮದ್ದೂರು, ಮಳವಳ್ಳಿ ಕಡೆಯ ಯಾವುದೋ ಕೆರೆಯಲ್ಲೋ ಇರುತ್ತದೆ.

ಬಣ್ಣದ ಕೊಕ್ಕರೆ ಮೀನನ್ನು ನೋಡಿ ಹಿಡಿಯುವುದಕ್ಕಿಂತ ಮುಟ್ಟಿ ಹಿಡಿಯುವುದೇ ಹೆಚ್ಚು. ಕೊಕ್ಕನ್ನು ಅರೆ ತೆರೆದು ನೀರಿನಲ್ಲಿ ಅದ್ದಿ, ಕಾಲಿನಿಂದ ಕೆಸರು ಕದಡುತ್ತ ನಡೆಯುತ್ತದೆ. ಮೀನು ತಗುಲಿದೊಡನೆ ಕೊಕ್ಕು ಮುಚ್ಚುತ್ತದೆ. ಹಾಗೆ ನಡೆಯುವುದಕ್ಕೆ ಅದಕ್ಕೆ ಕಾಲು ಮುಳುಗುವಷ್ಟೇ ನೀರು ಬೇಕು. ಹೆಜ್ಜಾರ್ಲೆಗಾದರೋ ಈಜುವುದಕ್ಕೆ ತೆರೆದ ನೀರು ಬೇಕು. ಹೂಳೆತ್ತುವ ಹೆಸರಿನಲ್ಲಿ ಜೆಸಿಬಿ ಬಿಟ್ಟು ಕೆರೆಯಂಗಳವನ್ನು ಬಾವಿಯ ಹಾಗೆ ನೆಟ್ಟಗೆ ಕಡಿದು, ಸುತ್ತ ಕಲ್ಲು ಕಟ್ಟಿ ವಾಕಿಂಗ್ ಪಾಥ್ ಮಾಡಿದರೆ ನೀರೇನೋ ಹೆಚ್ಚು ನಿಲ್ಲಬಹುದು, ಕೊಕ್ಕರೆಗೆ ಕಾಲಿಡುವ ಜಾಗವಿರುವುದಿಲ್ಲ. ಹೂಳೆತ್ತದೆ ಬಿಟ್ಟು, ಚರಂಡಿ ನೀರು ಹರಿಸಿ, ಅಂತರಗಂಗೆ ಮುಚ್ಚಿಕೊಂಡ ಕೆರೆಯಲ್ಲಿ ಎರಡಕ್ಕೂ ಗತಿಯಿಲ್ಲ. ಕೆರೆ ಅಭಿವೃದ್ಧಿಯ ಫಲಕ ನೋಡಿದಾಗಲೆಲ್ಲ ನನಗೆ ಈಗ ಖುಷಿಗಿಂತ ಅನುಮಾನವೇ ಮೊದಲು ಬರುತ್ತದೆ.

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನ ಮಾತೂ ಬೇರೆಯಲ್ಲ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ ಪಕ್ಷಿಧಾಮವಾಗಿ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಆ ನಡುಗಡ್ಡೆಗಳಿಗೆ ಕಾವಲಿದೆ, ದೋಣಿಯಿದೆ, ಟಿಕೆಟ್ ಇದೆ. ಅಲ್ಲಿ ಗೂಡು ಕಟ್ಟಿದ ಹಕ್ಕಿಗಳು ಗಡಿ ದಾಟಿ ನಾಲೆಯ ಬಯಲಿಗೆ, ಗದ್ದೆಗೆ, ಕೆರೆಗೆ ಇಳಿದ ಮೇಲೆ ಅವುಗಳ ಗೊಡವೆ ಯಾರಿಗೂ ಇಲ್ಲ.

ಕೆರೆ ಮೊದಲು ರೈತನದು, ಪಾಶುವಾರು, ಅಂದರೆ ಮೀನು ಹಿಡಿಯುವ ಗುತ್ತಿಗೆ, ಪಡೆದವನೂ ದುಡ್ಡು ಕಟ್ಟಿರುತ್ತಾನೆ ಎಂದು ಗೆಳೆಯರು ವಾದಿಸುತ್ತಾರೆ. ಒಪ್ಪುತ್ತೇನೆ. ನಾನು ಕೇಳುತ್ತಿರುವುದು ಇಡೀ ಕೆರೆಯನ್ನಲ್ಲ. ಹೂಳೆತ್ತುವಾಗ ಏರಿಯ ಎದುರು ಬದಿಯ ಅಂಚನ್ನು ಇಳಿಜಾರಾಗಿಯೇ ಉಳಿಸಲಿ. ಮರಿಗಳು ಹಾರುವವರೆಗೆ, ಎಂದರೆ ಮೇ ಕೊನೆಯವರೆಗೆ, ಆ ಒಂದು ಅಂಚಿಗೆ ಬಲೆ ಬೀಳದಂತೆ ಪಾಶುವಾರು ಕರಾರಿನಲ್ಲೇ ಬರೆಯಲಿ. ಅದರಿಂದ ಗುತ್ತಿಗೆದಾರನಿಗೆ ಆಗುವ ನಷ್ಟವನ್ನು, ಹುಣಸೆ ಮರಕ್ಕೆ ಕಟ್ಟಿಕೊಡುವಂತೆಯೇ, ಇಲಾಖೆ ಲೆಕ್ಕ ಹಾಕಿ ಕಟ್ಟಿಕೊಡಲಿ.