ಮೆಲ್ಲಗೆ ಹಾಡಿದರೆ ಅದು ಹಾಡಲ್ವಾ?

ನಿನ್ನೆ ಕಾಸರಗೋಡಿನ ಬದಿಯಡ್ಕ ಹತ್ತಿರದ ಒಂದು ಕಾರ್ಯಕ್ರಮಕ್ಕೆ ಹೋಗಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಪ್ಲಸ್ ಟು ಓದುವ ಹುಡುಗಿ, ತಾನೇ ಬರೆದ ಕನ್ನಡ ಹಾಡು, ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು ಮೆಲ್ಲಗೆ ಹಾಡಿದಳು. ತುಂಬಾ ಚಂದ ಇತ್ತು. ಮುಗಿದ ಕೂಡಲೇ ಹಿರಿಯರೊಬ್ಬರು ಮೈಕ್ ತೆಗೆದುಕೊಂಡು, "ಇದೆಂತ ಮಗಳೇ, ಸ್ವರವೇ ಇಲ್ಲ. ಬಾಯಿ ಬಿಟ್ಟು ಹಾಡಬೇಕು" ಅಂದರು. ಸಭೆ ನಕ್ಕಿತು. ಹುಡುಗಿ ತಲೆ ತಗ್ಗಿಸಿ ಇಳಿದು ಹೋದಳು.

ಯಾಕೆ ಬಾಯಿ ಬಿಡಬೇಕು?

ಅಮೆರಿಕದ ಹಾಡುಗಾರ್ತಿ ಬಿಲೀ ಐಲಿಶ್ ಅಂದರೆ ನನಗೆ ಎಷ್ಟು ಇಷ್ಟ ಅಂತ ನಿಮಗೆಲ್ಲ ಗೊತ್ತು. ಅವಳ ಮೊದಲ ಆಲ್ಬಂ 'ವೆನ್ ವಿ ಆಲ್ ಫಾಲ್ ಅಸ್ಲೀಪ್, ವೇರ್ ಡು ವಿ ಗೋ?' ಬಂದದ್ದು 2019ರ ಮಾರ್ಚಿನಲ್ಲಿ. ಆಗ ಅವಳಿಗೆ 17 ವರ್ಷ. ಲಾಸ್ ಏಂಜಲೀಸಿನಲ್ಲಿ ಅಪ್ಪ ಅಮ್ಮನ ಮನೆ, ಅಣ್ಣ ಫಿನಿಯಸ್‌ನ ಮಲಗುವ ಕೋಣೆ, ಅಲ್ಲೇ ರೆಕಾರ್ಡಿಂಗ್. ಅದರಲ್ಲಿನ 'ಬ್ಯಾಡ್ ಗೈ' ಹಾಡು ಕೇಳಿ ನೋಡಿ, ಇಯರ್‌ಫೋನ್ ಹಾಕಿಕೊಂಡೇ ಕೇಳಿ. ಅದರಲ್ಲಿ ಬರುವ ಟಿಕ್ ಟಿಕ್ ಇದೆಯಲ್ಲ, ಅದು ಆಸ್ಟ್ರೇಲಿಯಾದಲ್ಲಿ ಜನ ರಸ್ತೆ ದಾಟುವ ಕಡೆಯ ಸಿಗ್ನಲ್ಲಿನ ಸದ್ದು, ಅವಳೇ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು. ಅದರ ಮೇಲೆ ಅವಳ ಸ್ವರ, ಪಕ್ಕದಲ್ಲೇ ಕೂತು ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ. ಅದನ್ನೇ ಗಂಟಲು ಬಿಚ್ಚಿ ಹಾಡಿದ್ದರೆ ಆ ತುಂಟತನ ಉಳಿಯುತ್ತಿತ್ತಾ? 2020ರ ಗ್ರ್ಯಾಮಿ ಸಂಗೀತ ಪ್ರಶಸ್ತಿಗಳಲ್ಲಿ ನಾಲ್ಕು ದೊಡ್ಡ ಪ್ರಶಸ್ತಿಗಳೂ ಒಂದೇ ದಿನ ಅವಳ ಪಾಲಾದವು.

"ಪಾಠ ಆಗದವರು ಹೀಗೆ ಪಿಸುಗುಟ್ಟಿ ತಪ್ಪಿಸಿಕೊಳ್ಳುತ್ತಾರೆ" ಅನ್ನುವವರಿದ್ದಾರೆ. ಸುಮ್ನೆ ಹೇಳಬೇಡಿ. ಬಿಲೀ ಸಣ್ಣವಳಿದ್ದಾಗಲೇ ಲಾಸ್ ಏಂಜಲೀಸಿನ ಮಕ್ಕಳ ಗಾಯನ ತಂಡದಲ್ಲಿ ಹಾಡಿ ಕಲಿತವಳು. ಮೆಲ್ಲಗೆ ಹಾಡುವಾಗ ಶ್ರುತಿ ನಿಲ್ಲಿಸುವುದು ಎಷ್ಟು ಕಷ್ಟ ಅಂತ ಒಮ್ಮೆ ಹಾಡಿ ನೋಡಿ. ಉಸಿರು ಸ್ವಲ್ಪ ಜಾಸ್ತಿ ಆದರೂ ಗೊತ್ತಾಗುತ್ತದೆ, ಕಡಿಮೆ ಆದರೂ ಗೊತ್ತಾಗುತ್ತದೆ.

ಯಕ್ಷಗಾನದಲ್ಲಿ ಹಾಡುವ ಭಾಗವತರ ಏರು ಸ್ವರ ನನಗೂ ಪ್ರಾಣ. ಕುಂಬಳೆ ಸೀಮೆಯಲ್ಲಿ ಹುಟ್ಟಿ ಅದು ಬೇಡ ಅಂದರೆ ಹೇಗೆ? ಮೈಕ್ ಇಲ್ಲದ ಕಾಲದಲ್ಲಿ ಚೆಂಡೆಯ ಸದ್ದನ್ನೂ ಮೀರಿ ಗದ್ದೆಯ ಕೊನೆಯಲ್ಲಿ ಕೂತವರಿಗೂ ಪದ ಮುಟ್ಟಬೇಕಿತ್ತು. ಆ ಸ್ವರ ಅಲ್ಲಿ ಬೇಕೇ ಬೇಕು. ನಿನ್ನೆ ಆ ಹುಡುಗಿಯ ಮುಂದೆ ಮೈಕ್ ಇತ್ತು ಮಾರಾಯ್ರೆ! ಅವಳು ಅದನ್ನು ಸರಿಯಾಗಿಯೇ ಬಳಸಿದಳು. ಗೊತ್ತಿಲ್ಲದೆ ಮಾತಾಡಿದ್ದು ದೊಡ್ಡವರು.

ನನಗೂ ಹೈಸ್ಕೂಲಿನಲ್ಲಿ ಇದೇ ಮಾತು ಹೇಳಿದ್ದರು. ಆಮೇಲೆ ನಾನು ಅಡುಗೆಮನೆಯಿಂದ ಹೊರಗೆ ಹಾಡಿಲ್ಲ. ಅದಕ್ಕೇ ಇಷ್ಟು ಸಿಟ್ಟು.

ಹುಡುಗಿಯ ಅಮ್ಮ ಇದನ್ನು ಓದುತ್ತಾರೆ ಅಂತ ಗೊತ್ತು. ಅಕ್ಕಾ, ಈ ರಜೆಯಲ್ಲಿ ಅವಳಿಗೆ ಒಂದು ಒಳ್ಳೆ ಮೈಕ್ ತೆಗೆದುಕೊಡಿ. ಆ ಹಾಡನ್ನು ಮನೆಯಲ್ಲೇ ರೆಕಾರ್ಡ್ ಮಾಡಲಿ, ಮೊದಲು ನನಗೆ ಕಳಿಸಲಿ.