ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದ ಹಾಡು

ಬೇಂದ್ರೆಯವರ ‘ಮೂಡಲ ಮನೆಯ’ ಕವಿತೆ 1967ರ ‘ಬೆಳ್ಳಿಮೋಡ’ ಚಿತ್ರದಲ್ಲಿ ವಿಜಯಭಾಸ್ಕರ್ ಅವರ ಸಂಗೀತ, ಎಸ್. ಜಾನಕಿಯವರ ಕಂಠದಲ್ಲಿ ಹಾಡಾದ ಬಗೆಗಿನ ಲೇಖನವೊಂದನ್ನು ಓದಿ, ಆ ಹಾಡನ್ನು ಮತ್ತೆ ಕೇಳಿದಾಗ ಕಲಬುರಗಿಯ ನಮ್ಮ ಹಳೆಯ ಮನೆಯ ಅಡುಗೆಕೋಣೆಯೇ ಕಣ್ಣ ಮುಂದೆ ಬಂದು ನಿಂತಿತು. 1966ರಲ್ಲಿ ಆರಂಭವಾದ ಇಲ್ಲಿನ ಆಕಾಶವಾಣಿ ಕೇಂದ್ರವೇ ಆಗ ನಮ್ಮ ಓಣಿಗೆ ಹಾಡಿನ ಆಸರೆ. ಚರ್ಮದ ಚೀಲ ಹೊದ್ದ ರೇಡಿಯೊ ಗೋಡೆಯ ಮಾಡದಲ್ಲಿರುತ್ತಿತ್ತು. ಸೆಲ್ಲು ಸೋತು ದನಿ ಸಣ್ಣಗಾದರೆ ಅಪ್ಪ ಅವನ್ನು ಬಿಚ್ಚಿ, ಶಹಾಬಾದಿ ಕಲ್ಲು ಹಾಸಿದ ಅಂಗಳದಲ್ಲಿ ಬಿಸಿಲಿಗೆ ಸಾಲಾಗಿ ಇಡುತ್ತಿದ್ದರು. ಈ ಹಾಡು ಬಂತೆಂದರೆ ಅವ್ವ ಜೋಳದ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟು ಮೆತ್ತಿದ ಕೈಗಳನ್ನು ಮೊಣಕಾಲ ಮೇಲೆ ಇರಿಸಿಕೊಂಡು, ಹಂಚಿನ ಮೇಲಿನ ರೊಟ್ಟಿ ಕರಕಾದ ವಾಸನೆ ಬರುವವರೆಗೂ ಅಲುಗಾಡದೆ ಕುಳಿತಿರುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತದ ಅವಳಿಗೆ ಅದು ವರಕವಿಯ ಪದ್ಯವೆಂದು ಯಾರೂ ಹೇಳಿರಲಿಲ್ಲ. ಆ ಲೇಖನ ಬರೆದವರು ಹಾಡಿನ ಚಿತ್ರೀಕರಣಕ್ಕೆ ಹೆಚ್ಚು ಒತ್ತು ಕೊಟ್ಟಿದ್ದಾರೆ. ನನ್ನ ಮಟ್ಟಿಗೆ ಅದರ ಶಕ್ತಿಯಿರುವುದು ನುಡಿಯಲ್ಲಿ. ಸಿನಿಮಾ ನೋಡದ ಅವ್ವನನ್ನು ಹಿಡಿದು ಕೂರಿಸಿದ್ದು ಆ ನುಡಿಯೇ ಅಲ್ಲವೇ? ನಿನ್ನೆ ರಾತ್ರಿ ಮೊಬೈಲಿನಲ್ಲಿ ಹಾಡು ಹಚ್ಚಿ ಅವಳ ಹಾಸಿಗೆಯ ಪಕ್ಕದಲ್ಲಿಟ್ಟೆ. ಎಂಬತ್ತು ದಾಟಿದ, ನೆರೆಮನೆಯವರ ಹೆಸರೂ ಈಚೆಗೆ ನೆನಪಾಗದ ಅವ್ವ, ಕಣ್ಣು ಮುಚ್ಚಿಕೊಂಡೇ ಜಾನಕಿಯವರ ಜೊತೆ ಸಣ್ಣ ದನಿಯಲ್ಲಿ ಹಾಡತೊಡಗಿದಳು.