ಅರ್ಜಿಗೆ ಒಂದು ಸೀಲು ಒತ್ತಲು ಇಷ್ಟು ಭಯವೇಕೆ?

ಮಗುವಿನ ಶಾಲೆಯ ಬಗ್ಗೆ ದೂರು ಕೊಡುವುದು ಪೋಷಕರ ಹಕ್ಕು ಎಂದು ಕಾನೂನು ಹೇಳುತ್ತದೆ. ಆ ದೂರು ಬಂದೇ ಇಲ್ಲ ಎಂದು ಹೇಳಲು ದಾರಿ ಇಟ್ಟುಕೊಳ್ಳುವುದು ಕಚೇರಿಗಳ ಪದ್ಧತಿ. ಹೀಗೇ ನನ್ನ ಮಗಳ ಏಳನೇ ತರಗತಿ ಮುಗಿಯುತ್ತಾ ಬಂದಿದೆ. ನನ್ನ ಹೊಟ್ಟೆ ಉರಿಯುತ್ತಿರುವುದು ಇದಕ್ಕೇ.

ಬೆಂಗಳೂರಿನ ಪಶ್ಚಿಮದ ಅಂಚಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದು. ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ತರಗತಿಯಲ್ಲಿ ಎದ್ದು ನಿಲ್ಲಬೇಕಾದವಳು ನನ್ನ ಮಗಳು. ಜೂನ್‌ನಿಂದ ಆರು ಮತ್ತು ಏಳನೇ ತರಗತಿಗೆ ಗಣಿತ ಹೇಳಿಕೊಡುವವರು ಯಾರೂ ಇಲ್ಲ. ಇದ್ದ ಶಿಕ್ಷಕರು ವರ್ಗಾವಣೆಯಾದರು. ಅವರ ಜಾಗಕ್ಕೆ ಬಂದ ಅತಿಥಿ ಶಿಕ್ಷಕಿ ಗೌರವಧನ ಕೈಗೆ ಬಾರದೆ ಕೆಲಸ ಬಿಟ್ಟರು. ಇನ್ನು ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಬಿದ್ದಿದೆ. ಬೋರ್‌ವೆಲ್ ಮೋಟಾರು ಸುಟ್ಟಿದೆ, ನೀರಿಲ್ಲ, ಗಲೀಜಾಗುತ್ತದೆ, ಹಾಗಾಗಿ ಬೀಗ ಹಾಕಿದ್ದೇವೆ ಎನ್ನುತ್ತಾರೆ. ಶಿಕ್ಷಕರ ಕೊಠಡಿಯ ಪಕ್ಕದ ಶೌಚಾಲಯಕ್ಕೆ ಮಾತ್ರ ದಿನವೂ ಬಕೆಟ್‌ನಲ್ಲಿ ನೀರು ಹೋಗುತ್ತದೆ. ಹೊತ್ತು ಹಾಕುವವರು ಮಕ್ಕಳೇ.

ಮಗಳು ಬೆಳಿಗ್ಗೆ ನೀರಿನ ಬಾಟಲಿ ತುಂಬಿಸಿಕೊಂಡು ಹೋಗುತ್ತಾಳೆ. ಸಂಜೆ ಅದೇ ತುಂಬಿದ ಬಾಟಲಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ತಂದಿಡುತ್ತಾಳೆ. ಮಧ್ಯಾಹ್ನ ಬಿಸಿಯೂಟ ಉಂಡರೂ ಒಂದು ಗುಟುಕು ಕುಡಿದಿರುವುದಿಲ್ಲ. ಕೇಳಿದರೆ, "ಕುಡಿದರೆ ಹೋಗಬೇಕಾಗುತ್ತದಲ್ಲ ಅಮ್ಮ, ಎಲ್ಲಿಗೆ ಹೋಗಲಿ?" ಎನ್ನುತ್ತಾಳೆ. ಮುಟ್ಟಿನ ದಿನಗಳಲ್ಲಿ ಅವಳ ತರಗತಿಯ ಹುಡುಗಿಯರು ಶಾಲೆಗೇ ಬರುವುದಿಲ್ಲ. ಸರ್ಕಾರ ಶುಚಿ ಯೋಜನೆಯಲ್ಲಿ ಪ್ಯಾಡ್ ಹಂಚುತ್ತದೆ, ಅದನ್ನು ಬದಲಿಸಿಕೊಳ್ಳಲು ಒಂದು ತೆರೆದ ಬಾಗಿಲಿಲ್ಲ.

ನಾನು ಕೇಳುತ್ತಿರುವುದು ದೊಡ್ಡ ಸೌಲಭ್ಯವೇನಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಎರಡೂ ಇವೆ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶೌಚಾಲಯ ಇರಬೇಕು, ಆರರಿಂದ ಎಂಟನೇ ತರಗತಿಯವರೆಗೆ ವಿಜ್ಞಾನ ಮತ್ತು ಗಣಿತಕ್ಕೆ ಕನಿಷ್ಠ ಒಬ್ಬ ಶಿಕ್ಷಕರಿರಬೇಕು. ಆ ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಎಲ್ಲ ಶಾಲೆಗಳಿಗೂ ಶೌಚಾಲಯ ಒದಗಿಸಿ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಜ್ಯಗಳಿಗೆ ಗಡುವು ಕೊಟ್ಟು ಆದೇಶಿಸಿತ್ತು. ನನ್ನ ಮಗಳು ಆಗ ಹುಟ್ಟಿಯೂ ಇರಲಿಲ್ಲ.

ಅರ್ಜಿ ಬರೆದೆ. ಮೊದಲು ಮುಖ್ಯ ಶಿಕ್ಷಕರ ಮುಂದಿಟ್ಟೆ. ಓದಿದರು, ಮಡಿಸಿ ಹಾಜರಿ ಪುಸ್ತಕದ ಕೆಳಗೆ ಸೇರಿಸಿದರು, "ನೋಡೋಣ ಬಿಡಿ" ಎಂದರು. ನನ್ನ ಪ್ರತಿಯ ಮೇಲೆ ಸ್ವೀಕೃತಿ ಹಾಕಿಕೊಡಿ ಸರ್ ಎಂದೆ. ಅಲ್ಲಿಯವರೆಗೆ ಸಮಾಧಾನವಾಗಿದ್ದ ಮುಖ ಬದಲಾಯಿತು. "ನಮ್ಮ ಮೇಲೆ ನಂಬಿಕೆ ಇಲ್ಲವೇನಮ್ಮ?" ಎಂದರು. ನಂಬಿಕೆಯ ಮಾತು ಇಲ್ಲಿ ಎಲ್ಲಿಂದ ಬಂತು? ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋದೆ. ಗುಮಾಸ್ತರ ಮೇಜಿನ ಮೇಲೆ ದುಂಡನೆಯ ಸೀಲು, ಅದರ ಪಕ್ಕದಲ್ಲಿ ನೇರಳೆ ಶಾಯಿಯ ಪ್ಯಾಡು, ಮುಚ್ಚಳ ತೆಗೆದೇ ಇತ್ತು. ನನಗಿಂತ ಮುಂದೆ ನಿಂತಿದ್ದ ಗುತ್ತಿಗೆದಾರರ ಕಡೆಯವರ ಕಾಗದಗಳಿಗೆ ಟಪಟಪನೆ ಸೀಲು ಬಿತ್ತು, ದಿನಾಂಕ ಬಿತ್ತು, ಸಹಿ ಬಿತ್ತು. ನನ್ನ ಸರದಿ ಬಂದಾಗ ಪ್ಯಾಡಿನ ಮುಚ್ಚಳ ಮುಚ್ಚಿತು. "ಇಟ್ಟು ಹೋಗಿ, ಸಾಹೇಬರು ಬಂದ ಮೇಲೆ ತೋರಿಸುತ್ತೇನೆ. ಸೀಲು ನಿಮಗೇಕೆ, ಕೋರ್ಟಿಗೆ ಹೋಗುತ್ತೀರಾ?"

ನಾನು ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಅಲ್ಲಿ ಒಂದು ಪೆಟ್ಟಿಗೆ ಗುಂಡಿ ಗೇಟಿನೊಳಗೆ ಬಂದರೂ ಇನ್‌ವರ್ಡ್ ಪುಸ್ತಕದಲ್ಲಿ ಬರೆದು, ತಂದವರಿಗೆ ಸಹಿ ಹಾಕಿ ಕಳುಹಿಸುತ್ತೇವೆ. ಶರ್ಟಿನ ಗುಂಡಿಗೆ ಇರುವ ಲೆಕ್ಕ ಒಂದು ಶಾಲೆಯ ಮಕ್ಕಳ ದೂರಿಗೆ ಇಲ್ಲ.

ಸೀಲಿಗಾಗಿ ನಾನೇಕೆ ಹಟ ಹಿಡಿದಿದ್ದೇನೆ ಎಂದು ಕೆಲವರು ಕೇಳಿದ್ದಾರೆ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಓದಿ. ಮಗುವಿನ ಹಕ್ಕಿನ ಬಗ್ಗೆ ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ದೂರು ಬಂದ ಮೇಲೆ ಎರಡೂ ಕಡೆಯವರ ಮಾತು ಕೇಳಿ ಮೂರು ತಿಂಗಳೊಳಗೆ ತೀರ್ಮಾನ ಮಾಡಬೇಕು. ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಆದರೆ ಮೂರು ತಿಂಗಳು ಎಣಿಸಬೇಕಾದದ್ದು ಯಾವ ದಿನದಿಂದ? ದೂರು ಸ್ವೀಕರಿಸಿದ ದಿನದಿಂದ. ಸ್ವೀಕೃತಿಯೇ ಇಲ್ಲದಿದ್ದರೆ ಆ ದಿನವೇ ಇಲ್ಲ, ಗಡುವೂ ಇಲ್ಲ, ಮೇಲ್ಮನವಿಯೂ ಇಲ್ಲ. ಸಂಸತ್ತು ಕೊಟ್ಟ ಹಕ್ಕನ್ನು ಒಂದು ಶಾಯಿ ಪ್ಯಾಡಿನ ಮುಚ್ಚಳ ಮುಚ್ಚಿ ಕಿತ್ತುಕೊಳ್ಳಬಹುದು ಎಂದರೆ ಯಾವ ಪೋಷಕರಿಗೆ ಕೋಪ ಬರುವುದಿಲ್ಲ?

ಸ್ಥಳೀಯ ಪ್ರಾಧಿಕಾರ ಎಂದರೆ ಯಾರು ಎಂದು ಕೇಳಿ ನೋಡಿ. ಇಲಾಖೆಯವರು ಪಾಲಿಕೆಗೆ ಹೋಗಿ ಎನ್ನುತ್ತಾರೆ. ಪಾಲಿಕೆಯವರು ಇದು ಇಲಾಖೆಯ ಶಾಲೆ, ನಮ್ಮದಲ್ಲ ಎನ್ನುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಹೋಗಿ ಐದಾದವು. ನಮಗೆ ಆದದ್ದು ಇಷ್ಟೇ, ವಾಪಸ್ ಕಳುಹಿಸುವ ಮೇಜುಗಳು ಹೆಚ್ಚಾದವು. ನಮ್ಮ ಶಾಲೆಯ ಪೋಷಕರಲ್ಲಿ ಹೆಚ್ಚಿನವರು ಹೊಲಿಗೆ ಕೆಲಸದವರು, ಆಟೊ ಓಡಿಸುವವರು, ಗಾರೆ ಕೆಲಸದವರು. ಒಂದು ಕಚೇರಿಗೆ ಹೋಗಿ ಬಂದರೆ ಅವತ್ತಿನ ಕೂಲಿ ಹೋಯಿತು. ಇದು ಆ ಮೇಜಿನ ಹಿಂದೆ ಕುಳಿತವರಿಗೂ ಚೆನ್ನಾಗಿ ಗೊತ್ತು. ಎಷ್ಟು ಸಲ ಬಂದಾರು ಎಂಬ ಲೆಕ್ಕಾಚಾರವೇ ಅವರ ಧೈರ್ಯ.

ಎಸ್‌ಡಿಎಂಸಿ ಇದೆಯಲ್ಲ, ಅಲ್ಲಿ ಕೇಳಿ ಎನ್ನುವವರಿಗೂ ಹೇಳುತ್ತೇನೆ. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಕರ್ನಾಟಕಕ್ಕೆ ಹೊಸದಲ್ಲ, 2001ರಿಂದಲೇ ಇದೆ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಅದಕ್ಕೆ 21ನೇ ಸೆಕ್ಷನ್‌ನ ಬಲವೂ ಸಿಕ್ಕಿತು. ಸದಸ್ಯರಲ್ಲಿ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲೆ ಹೇಗೆ ನಡೆಯುತ್ತಿದೆ, ಬಂದ ಅನುದಾನ ಎಲ್ಲಿ ಖರ್ಚಾಯಿತು ಎಂದು ನೋಡುವುದು ಅವರ ಕೆಲಸ. ನಮ್ಮಲ್ಲಿ ನಡೆಯುವುದೇನು? ಶಾಸಕರ ಕಡೆಯವರು ಹೇಳಿದವರು ಅಧ್ಯಕ್ಷರು. ಸಭೆ ಯಾವಾಗ ಎಂದು ಗೊತ್ತಾಗುವುದು ಮುಗಿದ ಮೇಲೆ. ನಡಾವಳಿ ಪುಸ್ತಕವನ್ನು ಮನೆಗೇ ಕಳುಹಿಸಿ, ಇಲ್ಲಿ ಸಹಿ ಮಾಡಿ ಎಂದು ಬೆರಳಿಟ್ಟು ತೋರಿಸುತ್ತಾರೆ. ನಮ್ಮ ಬೀದಿಯ ಒಬ್ಬ ಸದಸ್ಯೆ ಸಹಿ ಮಾಡುವ ಮೊದಲು ಪುಟ ತಿರುಗಿಸಿ ಓದಿದರಂತೆ. "ಶೌಚಾಲಯ ಸುಸ್ಥಿತಿಯಲ್ಲಿದೆ ಎಂದು ಸಭೆಯು ಗಮನಿಸಿತು" ಎಂದು ಬರೆದಿತ್ತು. ಆಕೆ ಆ ಸಭೆಗೆ ಹೋಗಿಯೇ ಇರಲಿಲ್ಲ. ಆದರೆ ಹಾಜರಿದ್ದವರ ಪಟ್ಟಿಯಲ್ಲಿ ಆಕೆಯ ಹೆಸರಿತ್ತು. ಈ ಸುಳ್ಳು ಬರೆದವರಿಗೆ ಕೈ ನಡುಗಲಿಲ್ಲವೇ?

ದುಡ್ಡು ಬೇಕಾದಾಗ ಮಾತ್ರ ನಾವು ನೆನಪಾಗುತ್ತೇವೆ. 2022ರ ಅಕ್ಟೋಬರ್‌ನಲ್ಲಿ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದು ಇಲಾಖೆ ಸುತ್ತೋಲೆ ಹೊರಡಿಸಿತ್ತು. ಗಲಾಟೆಯಾದ ಮೇಲೆ ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದರು. ದೇಣಿಗೆ ಕೊಡುವಾಗ ಶಾಲೆ ನಮ್ಮದು, ಲೆಕ್ಕ ಕೇಳುವಾಗ ನಾವು ಹೊರಗಿನವರು. ಬಟ್ಟೆ, ಪುಸ್ತಕ, ಹಾಲು, ಮೊಟ್ಟೆ ಎಲ್ಲ ಉಚಿತ ಸಿಗುತ್ತದೆಯಲ್ಲ, ಇನ್ನೇನು ಬೇಕು ನಿಮಗೆ ಎಂದು ಮುಖದ ಮೇಲೆ ಹೇಳಿಸಿಕೊಂಡಿದ್ದೇನೆ. ಯಾರ ಮನೆಯಿಂದ ತಂದು ಕೊಡುತ್ತಿದ್ದಾರೆ? ಸೋಪು ಕೊಂಡರೂ ಎಣ್ಣೆ ಕೊಂಡರೂ ತೆರಿಗೆ ಕಟ್ಟುವವರು ನಾವು. ಸಂವಿಧಾನದ 21ಎ ವಿಧಿ ನನ್ನ ಮಗಳಿಗೆ ಕೊಟ್ಟಿರುವುದು ಮೂಲಭೂತ ಹಕ್ಕು. ಅದು ಯಾರ ದಾನವೂ ಅಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಮಕ್ಕಳ ಮೇಲೆ ಸೇಡು ತೀರಿಸಿಕೊಳ್ಳುವುದು. ಶೌಚಾಲಯದ ವಿಷಯ ಎತ್ತಿದ ಮತ್ತೊಬ್ಬ ತಾಯಿಯ ಮಗನನ್ನು ಮರುದಿನ ತರಗತಿಯ ಮುಂದೆ ನಿಲ್ಲಿಸಿ, "ನಿಮ್ಮ ಅಮ್ಮ ಲಾಯರಾ?" ಎಂದು ಕೇಳಿದರು. ಮಕ್ಕಳೆಲ್ಲ ನಕ್ಕರು. ಆ ಹುಡುಗ ಮನೆಗೆ ಬಂದು, ಇನ್ನು ನೀನು ಶಾಲೆಗೆ ಬರಬೇಡ ಎಂದು ತಾಯಿಗೆ ಹೇಳಿದ. ಆಕೆ ಅರ್ಜಿಗೆ ಹಾಕಿದ್ದ ಸಹಿಯನ್ನು ವಾಪಸ್ ಪಡೆದರು. ಅವರನ್ನು ನಾನು ದೂರುವುದಿಲ್ಲ. ಆದರೆ ಆ ಮಾತು ಆಡಿದವರಿಗೆ ಹೇಳುತ್ತೇನೆ, ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿರುವುದು ಬೆತ್ತದ ಏಟನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹಾಗೆ ಮಾಡಿದವರ ಮೇಲೆ ಸೇವಾ ನಿಯಮಗಳಡಿ ಶಿಸ್ತುಕ್ರಮ ಆಗಬೇಕು ಎಂದೂ ಅಲ್ಲೇ ಇದೆ.

"ಇಷ್ಟವಿಲ್ಲದಿದ್ದರೆ ಟಿ.ಸಿ. ತೆಗೆದುಕೊಂಡು ಹೋಗಿ" ಎಂಬುದು ಇನ್ನೊಂದು ಅಸ್ತ್ರ. ರಾಯಚೂರು, ಯಾದಗಿರಿ ಕಡೆಯಿಂದ ಬಂದು ಕಟ್ಟಡದ ಶೆಡ್ಡಿನಲ್ಲಿ ಇರುವವರಿಗೆ ಇದನ್ನು ಹೇಳಿದರೆ ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಇನ್ನೊಂದು ಶಾಲೆಯಲ್ಲಿ ಜನನ ಪ್ರಮಾಣಪತ್ರ ಕೇಳಿದರೆ ಎಲ್ಲಿಂದ ತರುವುದು ಎಂಬ ಅಂಜಿಕೆಯಿಂದ. ವಯಸ್ಸಿನ ದಾಖಲೆ ಇಲ್ಲ ಎಂದು ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎಂದು 14ನೇ ಸೆಕ್ಷನ್ ಹೇಳುತ್ತದೆ. ಶಾಲೆಯ ಗೋಡೆಯ ಮೇಲೆ ಎಷ್ಟೊಂದು ಸುಭಾಷಿತ ಬರೆಸಿದ್ದಾರೆ, ಇದೊಂದು ಸಾಲು ಬರೆಸಲಿಲ್ಲ.

ಶಿಕ್ಷಕರೆಲ್ಲ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಗಣಿತದ ಅವಧಿಯಲ್ಲಿ ಮಕ್ಕಳು ಸುಮ್ಮನೆ ಕೂರಬಾರದೆಂದು ಕನ್ನಡದ ಮೇಡಂ ತಾವೇ ಬಂದು ಮಗ್ಗಿ ಹೇಳಿಸುತ್ತಾರೆ. ಅವರ ಮೇಲಿನ ಹೊರೆ ಕಡಿಮೆಯೇನಲ್ಲ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಮನೆಮನೆಗೆ ಕಳುಹಿಸಿದರು, ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು 27ನೇ ಸೆಕ್ಷನ್ ಹೇಳುತ್ತದೆ. ಪೋಷಕರು ಇಂಥದ್ದನ್ನು ಕೇಳಿದರೆ ಅದರಿಂದ ಶಿಕ್ಷಕರಿಗೂ ಒಳ್ಳೆಯದೇ. ನಾವು ಬಾಯಿ ತೆರೆದ ಕೂಡಲೇ ಶತ್ರುಗಳಂತೆ ನೋಡುವ ಮುಖ್ಯ ಶಿಕ್ಷಕರಿಗೆ ಇದೇಕೆ ಅರ್ಥವಾಗುವುದಿಲ್ಲ?

ಅರ್ಜಿಯನ್ನು ಈಗ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿದ್ದೇವೆ. ಮುಖ್ಯ ಶಿಕ್ಷಕರಿಗೆ, ಕ್ಷೇತ್ರ ಶಿಕ್ಷಣಾಧಿಕಾರಿಗೆ, ಉಪನಿರ್ದೇಶಕರಿಗೆ, ಪಾಲಿಕೆಗೆ ಒಂದೊಂದು ಪ್ರತಿ. ತಲುಪಿದ ದಿನಾಂಕದ ಮುದ್ರಿತ ಪ್ರತಿ ನನ್ನ ಬಳಿ ಇದೆ. ಮೂರು ತಿಂಗಳು ಅಲ್ಲಿಂದ ಎಣಿಸುತ್ತೇವೆ. ನಡಾವಳಿ ಪುಸ್ತಕದ ಪ್ರತಿ ಮತ್ತು ಶಾಲಾ ಅನುದಾನದ ಖರ್ಚಿನ ವಿವರ ಕೇಳಿ ಮಾಹಿತಿ ಹಕ್ಕಿನಡಿ ಪ್ರತ್ಯೇಕ ಅರ್ಜಿಗಳನ್ನು ಹಾಕಿದ್ದೇವೆ. ಶುಲ್ಕ 10 ರೂಪಾಯಿ, ಕರ್ನಾಟಕದ ನಿಯಮದಂತೆ 150 ಪದ ಮೀರದ ಹಾಗೆ ಒಂದು ಅರ್ಜಿಗೆ ಒಂದೇ ವಿಷಯ. 30 ದಿನದೊಳಗೆ ಉತ್ತರ ಕೊಡಬೇಕು. ಒಬ್ಬರ ಮಗುವನ್ನು ಗುರಿ ಮಾಡದಂತೆ ಈ ಸಲ ಏಳನೇ ತರಗತಿಯ ಅನೇಕ ತಾಯಂದಿರು ಒಟ್ಟಿಗೆ ಸಹಿ ಹಾಕಿದ್ದಾರೆ, ಕೆಲವರು ಹೆಬ್ಬೆಟ್ಟು ಒತ್ತಿದ್ದಾರೆ. ಸಹಿ ವಾಪಸ್ ಪಡೆದಿದ್ದ ಆ ತಾಯಿಯೂ ಇದ್ದಾರೆ. ಮುಂದಿನ ಎಸ್‌ಡಿಎಂಸಿ ಸಭೆಗೆ ನಮ್ಮ ಬೀದಿಯ ಸದಸ್ಯೆ ಖುದ್ದಾಗಿ ಹೋಗುತ್ತಾರೆ. ಶೌಚಾಲಯಕ್ಕೆ ಬೀಗ ಹಾಕಿದೆ, ಗಣಿತದ ಶಿಕ್ಷಕರಿಲ್ಲ ಎಂದು ನಡಾವಳಿಯಲ್ಲಿ ಬರೆಯುವವರೆಗೆ ಸಹಿ ಮಾಡುವುದಿಲ್ಲ ಎಂದು ಹೇಳಿದ್ದಾರೆ.